ಮಂಗಳಾರತಿಗೆ ಮೂರನೇ ಟೇಕ್

ನನ್ನ ಭಾವಮೈದುನ ಯೂಟ್ಯೂಬ್ ಚಾನೆಲ್ ತೆರೆದು ಮೂರು ವಾರವಾಯಿತು. ಮೊದಲ ವಿಡಿಯೊ ಇನ್ನೂ ಹೊರಬಂದಿರಲಿಲ್ಲ; ಆದರೆ ಅದರ ಮೊದಲ ವಾಕ್ಯ ಮಾತ್ರ ಬಾಯಿಪಾಠವಾಗಿತ್ತು: 'ನಮಸ್ಕಾರ ಸ್ನೇಹಿತರೇ, ವೆಲ್ಕಮ್ ಬ್ಯಾಕ್ ಟು ಮೈ ಚಾನೆಲ್.' ಹಿಂದೆಂದೂ ಯಾರೂ ಕಾಲಿಡದ ಮನೆಗೆ ಮರಳಿ ಸ್ವಾಗತ ಕೋರುವುದು ಯಾವ ಶಿಷ್ಟಾಚಾರವೆಂದು ಕೇಳಿದರೆ, 'ಎಲ್ಲರೂ ಹಾಗೇ ಹೇಳ್ತಾರೆ ಭಾವ' ಎಂದ. ಎಲ್ಲರೂ ಹಾಗೇ ಹೇಳುತ್ತಾರೆಂಬುದು ನಿಜ. ನಾಮಕರಣದಿಂದ ವೈಕುಂಠ ಸಮಾರಾಧನೆಯವರೆಗೆ ಈಗ ನಾಡಿನಲ್ಲಿ ನಡೆಯುವ ಪ್ರತಿಯೊಂದು ಕಾರ್ಯವೂ ಈ ವಾಕ್ಯದಿಂದಲೇ ಆರಂಭವಾಗುತ್ತಿದೆ.

ಯೂಟ್ಯೂಬಿನ ಮೊಟ್ಟಮೊದಲ ವಿಡಿಯೊ 2005ರ ಏಪ್ರಿಲ್ 23ರಂದು ಬಂದದ್ದು. ಅದರ ಸಂಸ್ಥಾಪಕರಲ್ಲೊಬ್ಬರಾದ ಜಾವೇದ್ ಕರೀಮ್ ಸ್ಯಾನ್ ಡಿಯಾಗೊ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ಬಹಳ ಉದ್ದ ಎಂಬರ್ಥದ ಮಾತಾಡಿ 19 ಸೆಕೆಂಡಿನಲ್ಲಿ ಮುಗಿಸಿದರು. ಗಂಟೆ ಒತ್ತಿರೆಂದು ಕೇಳಲಿಲ್ಲ. ಇದನ್ನು ಹೇಳಿದಾಗ ನಮ್ಮವನು, 'ಪಾಪ, ಇಂಟ್ರೊ ಇಲ್ಲ' ಎಂದು ಮರುಗಿದ.

ಇವನ ಬಳಿ ರಿಂಗ್ ಲೈಟ್, ಟ್ರೈಪಾಡ್, ಗಿಂಬಲ್, ಕಾಲರಿಗೆ ಸಿಕ್ಕಿಸುವ ಮೈಕು ಎಲ್ಲವೂ ಇದ್ದವು. ಇಲ್ಲದ್ದು ವಿಷಯವೊಂದೇ. ಅದನ್ನು ನಮ್ಮ ಮನೆಯ ಸತ್ಯನಾರಾಯಣ ಪೂಜೆ ಒದಗಿಸಿತು. ಮೊದಲ ಮಂಗಳಾರತಿಯ ಹೊತ್ತಿಗೆ ಫೋನು ಅಡ್ಡವಿತ್ತು. ರೀಲ್ಸ್‌ಗೆ ಉದ್ದವಾಗಿ ಹಿಡಿಯಬೇಕೆಂಬುದು ತಡವಾಗಿ ನೆನಪಾಯಿತು. ಎರಡನೆಯದಕ್ಕೆ ಸ್ಟೋರೇಜ್ ಭರ್ತಿಯಾಯಿತು, ಏಕೆಂದರೆ ಅಂಗೈಯಗಲದ ಪರದೆಯಲ್ಲಿ ನೋಡುವ ಆರತಿಯನ್ನೂ 4ಕೆಯಲ್ಲೇ ಹಿಡಿಯಬೇಕೆಂದು ಯಾರೋ ಅವನಿಗೆ ಬೋಧಿಸಿದ್ದರು ಮತ್ತು ಆ ಲೆಕ್ಕದಲ್ಲಿ ನಿಮಿಷವೊಂದಕ್ಕೆ ನೂರಾರು ಎಂಬಿ ಖರ್ಚಾಗುತ್ತದೆ. ಪುರೋಹಿತರು ಕರ್ಪೂರದ ಡಬ್ಬಿಯನ್ನು ಅಲುಗಿಸಿ ನೋಡಿ, ಉಳಿದ ಒಂದೇ ಬಿಲ್ಲೆಯನ್ನು ತಟ್ಟೆಗಿಟ್ಟು, 'ದೇವರಿಗೆ ಆಗಲೇ ಆಯ್ತಪ್ಪ, ಇದು ನಿನಗೆ' ಎಂದರು. ಆ ಮಾತು ಮೈಕಿನಲ್ಲಿ ಸಿಕ್ಕಿದ್ದರೆ ಇಡೀ ವಿಡಿಯೊ ಗೆಲ್ಲುತ್ತಿತ್ತು. ಆದರೆ ಮೈಕಿನಲ್ಲಿ ಸಿಕ್ಕಿದ್ದು ಫ್ಯಾನಿನ ಸದ್ದು.

ಆಮೇಲೆ ಎಡಿಟಿಂಗ್. ಆ್ಯಪ್ ತೆರೆದರೆ ಎದ್ದು ಕಾಣುವುದು ಕತ್ತರಿಯ ಚಿತ್ರ. ಅದೊಂದನ್ನು ಬಿಟ್ಟು ಅವನು ಮಿಕ್ಕಿದ್ದೆಲ್ಲವನ್ನೂ ಕಲಿತ: ಶಂಖ ಊದಿದಾಗ ಪರದೆ ನಡುಗುವುದು, ತೀರ್ಥ ಕೊಟ್ಟಾಗ ಚಿತ್ರ ಬುಗುರಿಯಂತೆ ಸುತ್ತುವುದು, ನಮ್ಮತ್ತೆ ಕುಂಕುಮ ಇಡುವಾಗ ಢಮಾರೆಂದು ಸಿಡಿಲು ಬಡಿಯುವುದು. ಥಂಬ್‌ನೇಲಿನಲ್ಲಿ ಸಪಾದ ಭಕ್ಷ್ಯದ ಬಟ್ಟಲಿಗೆ ಕೆಂಪು ವೃತ್ತ, ಪಕ್ಕದಲ್ಲಿ ಬಾಯಿ ಕಳೆದ ಇವನ ಮುಖ, ಮೇಲೆ 'ಪೂಜೆಯಲ್ಲಿ ನಡೆದದ್ದೇ ಬೇರೆ!!' ಎಂಬ ಘೋಷಣೆ.

ಜಾಹೀರಾತಿನ ಹಣ ಬರಲು 1,000 ಚಂದಾದಾರರೂ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಬೇಕಂತೆ. ಅಂದರೆ ಹೆಚ್ಚುಕಡಿಮೆ 167 ದಿನ ಹಗಲೂ ರಾತ್ರಿ ಯಾರಾದರೂ ಇವನನ್ನು ನೋಡುತ್ತಲೇ ಇರಬೇಕು. ಹೆತ್ತ ತಾಯಿಯೂ ಅಷ್ಟು ನೋಡಿರಲಾರರು. ಪ್ರಸಾದ ಸ್ವೀಕರಿಸದೆ ಓಡಿದ ಕಲಾವತಿಗೆ ಒದಗಿದ ಕಷ್ಟವನ್ನು ವ್ರತಕಥೆ ಹೇಳುತ್ತದೆ. 'ಸ್ಕಿಪ್ ಮಾಡದೆ ಕೊನೆಯವರೆಗೂ ನೋಡಿ' ಎಂದು ಇವನು ಹೇಳುವ ಧಾಟಿಯಲ್ಲೂ ಅದೇ ಬೆದರಿಕೆಯಿದೆ.

ನಾಲ್ಕು ನಿಮಿಷದೊಳಗೆ ಮುಗಿಸಲೇಬೇಕೆಂದು ಅವನ ಸ್ನೇಹಿತರು ಒತ್ತಾಯಿಸಿದ ಮೇಲೆ, ಕೊನೆಗೂ ಕತ್ತರಿ ಕೈಗೆತ್ತಿಕೊಂಡ. ನಿನ್ನೆ ವಿಡಿಯೊ ಬಂತು. ಇಂಟ್ರೊ ಇದೆ, ಲೋಗೊ ತಿರುಗುತ್ತದೆ, ಗಂಟೆಯ ಗುರುತು ಎರಡು ಬಾರಿ ಬರುತ್ತದೆ, ಮೂರು ಮಂಗಳಾರತಿಗಳೂ ಇವೆ. ಕಥೆಯ ಐದೂ ಅಧ್ಯಾಯಗಳನ್ನು ಕತ್ತರಿಸಿದ್ದಾನೆ.