ಪಳಗಿದವನೋ, ಹೊಸಬನೋ?

ನಮ್ಮ ಮೆಚ್ಚಿನ ಫುಟ್‌ಬಾಲ್ ಕ್ಲಬ್ಬಿನವರು ಮ್ಯಾನೇಜರನ್ನು, ಅಂದರೆ ತಂಡದ ಮುಖ್ಯ ಕೋಚನ್ನು, ಮನೆಗೆ ಕಳಿಸಿದ ಸುದ್ದಿ ಬಂದ ಹತ್ತೇ ನಿಮಿಷಕ್ಕೆ ನನ್ನ ಫೋನು ಬಡಿದುಕೊಳ್ಳುತ್ತದೆ. ಆ ಕಡೆ ಇರುವವನು ಹಳೆಯ ಗೆಳೆಯ. ಆ ಕ್ಲಬ್ಬಿನಲ್ಲಿ ನಮ್ಮಿಬ್ಬರದೂ ಒಂದು ಷೇರಿಲ್ಲ. ನಾವು ಬದುಕಿದ್ದೇವೆ ಅನ್ನುವುದೂ ಅದರ ಆಡಳಿತ ಮಂಡಳಿಗೆ ಗೊತ್ತಿಲ್ಲ. ಆದರೂ ಮುಂದಿನ ಮ್ಯಾನೇಜರು ಯಾರೆಂದು ಮಧ್ಯರಾತ್ರಿಯೊಳಗೆ ನಾವೇ ತೀರ್ಮಾನಿಸಿ, ಸಂಬಳ ಗೊತ್ತುಮಾಡಿ, ಸಹಿ ಹಾಕಿಸಿ, ಮಲಗುವ ಹೊತ್ತಿಗೆ ಅವನನ್ನೂ ಕಿತ್ತುಹಾಕಿರುತ್ತೇವೆ.

ಗೆಳೆಯನದು ಯಾವಾಗಲೂ ಒಂದೇ ರಾಗ. "ಪಳಗಿದವನು ಬೇಕು ಕಣೋ. ನಾಲ್ಕು ಕಪ್ ಎತ್ತಿದವನು." ನನ್ನದು ಹೊಸಬರ ಪಕ್ಷ. "ನಾಲ್ಕು ಕಪ್ ಎತ್ತಿದವನನ್ನೇ ಅಲ್ಲವೇನೋ ಇವತ್ತು ಮನೆಗೆ ಕಳಿಸಿದ್ದು?" ಅಂದರೆ ಆ ಕಡೆ ಸ್ವಲ್ಪ ಹೊತ್ತು ಬರೀ ಉಸಿರಾಟ ಕೇಳಿಸುತ್ತದೆ.

ನನ್ನ ತುರುಫು ಎಲೆ ಸ್ಪೇನಿನ ಕ್ಲಬ್ಬು, 2008ರ ಬಾರ್ಸಿಲೋನಾ. ಆಗ ಜೋಸೆ ಮೌರಿನ್ಯೊ ಕೆಲಸವಿಲ್ಲದೆ ಕೂತಿದ್ದರು. ಪೋರ್ಚುಗಲ್ಲಿನ ಪೋರ್ಟೊಗೆ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್, ಇಂಗ್ಲೆಂಡಿನ ಚೆಲ್ಸಿಗೆ ಎರಡು ಲೀಗ್ ಗೆದ್ದುಕೊಟ್ಟ ಮ್ಯಾನೇಜರು. ಕ್ಲಬ್ಬಿನವರು ಅವರೊಂದಿಗೆ ಮಾತುಕತೆಯನ್ನೂ ಆಡಿದ್ದರು. ಕೊನೆಗೆ ಕುರ್ಚಿ ಕೊಟ್ಟಿದ್ದು ಮಾತ್ರ 37ರ ಪೆಪ್ ಗಾರ್ಡಿಯೋಲಾಗೆ. ಅವರ ಅನುಭವವೆಂದರೆ ಸ್ಪೇನಿನ ನಾಲ್ಕನೇ ದರ್ಜೆಯಲ್ಲಿ ಅದೇ ಕ್ಲಬ್ಬಿನ ಬಿ ತಂಡವನ್ನು ಒಂದು ಸೀಸನ್ ನೋಡಿಕೊಂಡಿದ್ದು, ಅಷ್ಟೇ. ಲೀಗಿನ ಮೊದಲ ಪಂದ್ಯ ನುಮಾನ್ಸಿಯಾ ಎಂಬ, ಆಗಷ್ಟೇ ಮೇಲಿನ ದರ್ಜೆಗೆ ಏರಿದ್ದ ಪುಟ್ಟ ಕ್ಲಬ್ಬಿನ ಎದುರು. 1-0 ಸೋಲು. ಎರಡನೆಯದು ಡ್ರಾ. ಕ್ಲಬ್ಬು ನಮ್ಮಿಬ್ಬರ ಕೈಯಲ್ಲಿದ್ದಿದ್ದರೆ ಗಾರ್ಡಿಯೋಲಾ ಕಥೆ ಅಲ್ಲಿಗೇ ಮುಗಿದು, ಇವತ್ತು ಅವರ ಹೆಸರು ರಸಪ್ರಶ್ನೆಗಳಲ್ಲಿ ಮಾತ್ರ ಬರುತ್ತಿತ್ತು. ಸೀಸನ್ ಮುಗಿಯುವಾಗ ಲೀಗ್, ಸ್ಪೇನಿನ ಕಪ್ ಆದ ಕೋಪಾ ಡೆಲ್ ರೇ, ಚಾಂಪಿಯನ್ಸ್ ಲೀಗ್ ಮೂರೂ ಅವರ ಖಾತೆಯಲ್ಲಿದ್ದವು.

"ಅಂಥವನು ಒಬ್ಬನೇ ಕಣೋ," ಗೆಳೆಯ ಬಿಡುವುದಿಲ್ಲ. "ಅವನನ್ನು ನೋಡಿ ಆಸೆಪಟ್ಟು ಮುಳುಗಿದವರ ಲೆಕ್ಕ ಹಾಕು."

ಹಾಕಿದರೆ ಮೊದಲು ಸಿಗುವವರು ಆಂಡ್ರಿಯಾ ಪಿರ್ಲೊ. 2020ರ ಜುಲೈ ಕೊನೆಗೆ ಇಟಲಿಯ ಯುವೆಂಟಸ್ ಕ್ಲಬ್ಬು ಈ ಮಾಜಿ ಆಟಗಾರರನ್ನು ಕಿರಿಯರ ತಂಡಕ್ಕೆ ನೇಮಿಸಿತು. ಆ ತಂಡ ಒಂದು ಪಂದ್ಯ ಆಡುವ ಮೊದಲೇ, ಹತ್ತು ದಿನ ತುಂಬುವುದರೊಳಗೆ, ಹಿರಿಯರ ತಂಡವೂ ಅವರದೇ ಆಯಿತು. ಕೋಚಿಂಗ್ ಲೈಸೆನ್ಸಿಗೆ ಒಪ್ಪಿಸಬೇಕಾದ ಪ್ರಬಂಧವನ್ನು ಅವರು ಮಂಡಿಸಿದ್ದು ಅದಾದ ಮೇಲೆ, ಸೆಪ್ಟೆಂಬರಿನಲ್ಲಿ. ಕೆಲಸ ಮೊದಲು, ಪರೀಕ್ಷೆ ಆಮೇಲೆ! ಸತತ ಒಂಬತ್ತು ವರ್ಷ ಲೀಗ್ ಗೆದ್ದಿದ್ದ ತಂಡ ಆ ವರ್ಷ ನಾಲ್ಕನೇ ಸ್ಥಾನಕ್ಕಿಳಿಯಿತು. ಇಟಲಿಯ ಕಪ್ ಗೆದ್ದರು, ನಿಜ. ಆದರೂ ಒಂದೇ ಸೀಸನ್‌ಗೆ ಮನೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಗ್ಯಾರಿ ನೆವಿಲ್. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಆಡಿ ನಿವೃತ್ತರಾದ ಮೇಲೆ ಟಿವಿಗೆ ಬಂದರು. ಅಲ್ಲೊಂದು ದೊಡ್ಡ ಪರದೆ. ಆಟವನ್ನು ನಿಲ್ಲಿಸಿ, ಡಿಫೆಂಡರ್ ಸುತ್ತ ಬೆರಳಲ್ಲೊಂದು ವೃತ್ತ ಎಳೆದು, "ಇವನು ಎರಡು ಹೆಜ್ಜೆ ಹಿಂದಿರಬೇಕಿತ್ತು" ಅಂತ ಅವರು ತೋರಿಸಿದರೆ ನನಗೂ ಹೌದಲ್ಲ ಅನ್ನಿಸುತ್ತಿತ್ತು. ಫುಟ್‌ಬಾಲ್ ಅವರಷ್ಟು ಸ್ಪಷ್ಟವಾಗಿ ಹೇಳಿಕೊಟ್ಟವರು ಕಡಿಮೆ. 2015ರ ಡಿಸೆಂಬರಿನಲ್ಲಿ ಸ್ಪೇನಿನ ವಲೆನ್ಸಿಯಾ ಅವರನ್ನು ಮ್ಯಾನೇಜರ್ ಮಾಡಿತು. ಹಿಂದೆ ಯಾವ ಕ್ಲಬ್ಬನ್ನೂ ನಡೆಸಿದವರಲ್ಲ, ಭಾಷೆಯೂ ಬರದು. ಫೆಬ್ರವರಿಯ ಒಂದು ರಾತ್ರಿ ಬಾರ್ಸಿಲೋನಾ ಎದುರು ಕೋಪಾ ಸೆಮಿಫೈನಲ್. ಸುವಾರೆಜ್ ನಾಲ್ಕು, ಮೆಸ್ಸಿ ಮೂರು, ಒಟ್ಟು 7-0. ಕ್ಯಾಮೆರಾ ಆಗಾಗ ನೆವಿಲ್ ಮುಖಕ್ಕೆ ಹೋಗುತ್ತಿತ್ತು. ಎಲ್ಲಿ ತಪ್ಪುತ್ತಿದೆ ಅನ್ನುವುದು ಆ ಮೈದಾನದಲ್ಲಿ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿದ್ದಿರಲಾರದು. ಆದರೆ ಸೈಡ್‌ಲೈನಿನಲ್ಲಿ ನಿಂತವನ ಕೈಗೆ ರಿಮೋಟ್ ಯಾರೂ ಕೊಡುವುದಿಲ್ಲ. ಆಟ ನಿಲ್ಲಿಸುವಂತಿಲ್ಲ, ಹಿಂದೆ ತಿರುಗಿಸುವಂತಿಲ್ಲ. ಮಾರ್ಚ್ ಮುಗಿಯುವುದರೊಳಗೆ ಅವರನ್ನು ತೆಗೆದರು. ಆ ರಾತ್ರಿ ನಾನು ಸೋಫಾದಲ್ಲಿ ಕೊಂಚ ಸರಿದು ಕೂತೆ. ನೆವಿಲ್ ಗತಿಯೇ ಹೀಗಾದರೆ ನನ್ನದೇನು?

ಆದರೆ ಗೆಳೆಯನ ಹತ್ತಿರ ಇದಕ್ಕಿಂತ ಹರಿತವಾದ ಅಸ್ತ್ರವೊಂದಿದೆ, ಮತ್ತು ಅದನ್ನು ಅವನ ಕೈಗೆ ಕೊಟ್ಟವನು ನಾನೇ. 2015ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ಬು ಕ್ಲಾಡಿಯೊ ರಾನಿಯೇರಿಯನ್ನು ಕರೆತಂದಿತು. ವಯಸ್ಸು 63. ಚೆಲ್ಸಿ, ಯುವೆಂಟಸ್, ರೋಮಾ, ಇಂಟರ್ ಎಲ್ಲ ತಿರುಗಿ ಬಂದವರು. ಆದರೆ ಯಾವ ದೇಶದ ಅಗ್ರ ಲೀಗನ್ನೂ ಗೆದ್ದವರಲ್ಲ. ಹಿಂದಿನ ವರ್ಷ ಗ್ರೀಸ್ ತಂಡದ ಕೋಚ್ ಆಗಿ, ಫರೋ ದ್ವೀಪಗಳ ಎದುರು ತವರಿನಲ್ಲೇ ಸೋತು ಕೆಲಸ ಕಳೆದುಕೊಂಡಿದ್ದರು. ಅವತ್ತು ನಾನು ಕಳಿಸಿದ ಮೆಸೇಜು: "ಮುಗೀತು ಲೆಸ್ಟರ್ ಕಥೆ. ಹಳೇ ಸರಕು." ಆ ತಂಡ ಲೀಗ್ ಗೆದ್ದರೆ ಬುಕ್ಕಿಗಳು ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅನ್ನುತ್ತಿದ್ದರು, ಆದ್ದರಿಂದ ಹಾಗೆಂದವನು ನಾನೊಬ್ಬನೇ ಅಲ್ಲ. ಲೆಸ್ಟರ್ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ಗೆದ್ದಿದ್ದು ಖಾತ್ರಿಯಾಗಿದ್ದು 2016ರ ಮೇ 2ರಂದು. ಅಂದಿನಿಂದ ಪ್ರತಿ ವರ್ಷ ಮೇ 2ರ ಬೆಳಿಗ್ಗೆ ಆ ಮೆಸೇಜಿನ ಸ್ಕ್ರೀನ್‌ಶಾಟ್ ನನಗೆ ತಪ್ಪದೆ ಬರುತ್ತದೆ. ಜೊತೆಗೆ ಒಂದಕ್ಷರ ಇರುವುದಿಲ್ಲ. ಗೆದ್ದ ಒಂಬತ್ತು ತಿಂಗಳಿಗೆ ರಾನಿಯೇರಿಯನ್ನೂ ಕ್ಲಬ್ಬು ಕಿತ್ತುಹಾಕಿತು ಅಂತ ನಾನು ಉತ್ತರ ಬರೆಯುತ್ತೇನೆ. ಎರಡು ನೀಲಿ ಗೆರೆ ಬೀಳುತ್ತವೆ, ಅಷ್ಟೇ.

ನಾವಿಬ್ಬರೂ ಎಳೆದಾಡಿ ಹರಿದುಹಾಕಿರುವ ಹೆಸರು ಮಾತ್ರ ಬಾಬ್ ಪೇಯ್ಸ್ಲಿ. 1974ರಲ್ಲಿ ಬಿಲ್ ಶ್ಯಾಂಕ್ಲಿ ಇದ್ದಕ್ಕಿದ್ದಂತೆ ಲಿವರ್‌ಪೂಲ್ ಕ್ಲಬ್ಬಿನ ಮ್ಯಾನೇಜರ್ ಕೆಲಸ ಬಿಟ್ಟಾಗ ಆ ಜಾಗಕ್ಕೆ ಬಂದವರು. ಆ ಕೆಲಸ ಅವರಿಗೆ ಬೇಕಾಗಿಯೇ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗಿನ ಹಳೆಯ ಹೆಸರು). "ಒಂದು ದಿನವೂ ಮ್ಯಾನೇಜರಾಗಿರದವರು, ಅಪ್ಪಟ ಹೊಸಬರು," ಅನ್ನುತ್ತೇನೆ ನಾನು. "1939ರಿಂದ ಅದೇ ಕ್ಲಬ್ಬಿನಲ್ಲಿ ಆಟಗಾರ, ಫಿಸಿಯೊ, ಕೋಚ್ ಅಂತ ಬೇರುಬಿಟ್ಟವರು ಹೊಸಬರೇನೋ?" ಅನ್ನುತ್ತಾನೆ ಅವನು. ಈ ವಾದದಲ್ಲಿ ಅವನೇ ಸರಿ ಅಂತ ನನಗೆ ಒಳಗೊಳಗೇ ಗೊತ್ತು. ಗಾರ್ಡಿಯೋಲಾ ಕೂಡ ಬಾರ್ಸಿಲೋನಾದಲ್ಲೇ ಬೆಳೆದ ಹುಡುಗ ಅನ್ನುವುದು ಅವನಿಗೆ ಹೊಳೆಯದಿರಲಿ ಅಂತ ನಾನು ತಕ್ಷಣ ಮಾತು ಬದಲಿಸುತ್ತೇನೆ.

ಬದಲಿಸಿ ಹಿಡಿಯುವುದು ಡೇವಿಡ್ ಮೋಯ್ಸ್ ಅವರನ್ನು. ಎವರ್ಟನ್‌ನಲ್ಲಿ ಹನ್ನೊಂದು ವರ್ಷದ ಅನುಭವ. 2013ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಕುರ್ಚಿಯಿಂದ ಅಲೆಕ್ಸ್ ಫರ್ಗುಸನ್ ಇಳಿದಾಗ ಅವರೇ ಆರಿಸಿದ ಉತ್ತರಾಧಿಕಾರಿ. ಒಪ್ಪಂದ ಆರು ವರ್ಷಕ್ಕೆ, ಉಳಿದಿದ್ದು ಹತ್ತು ತಿಂಗಳು. 'ಆಯ್ದ ವ್ಯಕ್ತಿ' ಅಂತ ಸ್ಟೇಡಿಯಮ್ಮಿನಲ್ಲಿ ಬ್ಯಾನರ್ ಕಟ್ಟಿದ್ದರು. ಮಾರ್ಚಿನಲ್ಲಿ ಆಸ್ಟನ್ ವಿಲಾ ಜೊತೆ ಪಂದ್ಯವಿದ್ದಾಗ, ಕೆಲವು ಅಭಿಮಾನಿಗಳು 'ತಪ್ಪು ವ್ಯಕ್ತಿ, ಮೋಯ್ಸ್ ತೊಲಗಲಿ' ಎಂಬ ಬ್ಯಾನರ್ ಕಟ್ಟಿದ ವಿಮಾನವನ್ನೇ ಬಾಡಿಗೆಗೆ ತಂದು ಮೈದಾನದ ಮೇಲೆ ಹಾರಿಸಿದರು. ತಮಾಷೆ ಎಂದರೆ ಆ ಪಂದ್ಯ ಯುನೈಟೆಡ್ 4-1ರಿಂದ ಗೆದ್ದಿತು.

ಇಷ್ಟಾದರೂ ಮಂಡಳಿಯವರು ಪಳಗಿದವನತ್ತಲೇ ಯಾಕೆ ವಾಲುತ್ತಾರೆ? ನನ್ನ ಪ್ರಕಾರ ಅವರು ಹುಡುಕುವುದು ಗೆಲುವಿಗಿಂತ ಹೆಚ್ಚಾಗಿ ಜಾಮೀನನ್ನು. ಹೆಸರಾಂತನನ್ನು ತಂದು ಸೋತರೆ ಬೈಗುಳವೆಲ್ಲ ಅವನ ಪಾಲು. ಯಾರೂ ಕೇಳದ ಹೆಸರನ್ನು ತಂದು ಸೋತರೆ ಬೈಗುಳ ತಂದವರ ಪಾಲು. ನಾನು ಹೊಸಬರ ಪಕ್ಷ ವಹಿಸುವುದು ಸುಲಭ, ಸೋತರೆ ನನ್ನ ಕುರ್ಚಿಯೇನೂ ಹೋಗುವುದಿಲ್ಲವಲ್ಲ.

ಈ ಸಲ ನಮ್ಮ ಕ್ಲಬ್ಬು ನಮ್ಮಿಬ್ಬರಿಗೂ ಕೈಕೊಟ್ಟಿತು. ಪಳಗಿದವನೂ ಬರಲಿಲ್ಲ, ಹೊಸಬನೂ ಬರಲಿಲ್ಲ. ಇದ್ದ ಸಹಾಯಕ ಕೋಚಿಗೇ 'ಸದ್ಯಕ್ಕೆ' ಅಂತ ತಂಡ ಒಪ್ಪಿಸಿದರು. ಮೊದಲ ಪಂದ್ಯಕ್ಕೇ 3-0 ಗೆಲುವು. ನಿನ್ನೆಯವರೆಗೆ ಕಾಲೆಳೆದುಕೊಂಡು ಓಡುತ್ತಿದ್ದ ಮಿಡ್‌ಫೀಲ್ಡರ್ ತೊಂಬತ್ತನೇ ನಿಮಿಷದಲ್ಲೂ ಜಾರಿ ಬಿದ್ದು ಚೆಂಡು ಕಸಿಯುತ್ತಿದ್ದ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ! ಯುನೈಟೆಡ್‌ಗೆ ಹೀಗೇ 'ಸದ್ಯಕ್ಕೆ' ಬಂದ ಸೋಲ್‌ಶಾರ್ ಮೊದಲ ಎಂಟು ಪಂದ್ಯ ಗೆದ್ದು, ಕಾಯಂ ಆಗಿ, 2021ರ ನವೆಂಬರಿನಲ್ಲಿ ಮನೆಗೆ ಹೋಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಪಂದ್ಯ ಮುಗಿದ ಕೂಡಲೇ ಗೆಳೆಯನ ಮೆಸೇಜು: "ಇವನನ್ನೇ ಪರ್ಮನೆಂಟ್ ಮಾಡಬಾರದೇನೋ?"

ಅಕ್ಷರಕ್ಕೆ ಅಕ್ಷರ ಅದೇ ವಾಕ್ಯವನ್ನು ನಾನೂ ಟೈಪ್ ಮಾಡಿ ಇಟ್ಟುಕೊಂಡಿದ್ದೆ. ಮೆಲ್ಲಗೆ ಅಳಿಸಿದೆ. ಆಮೇಲೆ ಅವನದರ ಸ್ಕ್ರೀನ್‌ಶಾಟ್ ತೆಗೆದುಕೊಂಡೆ.