ಬೀಳುವುದೆಲ್ಲ ಚೌಕಟ್ಟಿನ ಹೊರಗೆ

ರೋಬೋಟ್‌ಗೆ ನಡೆಯಲು ಕಲಿಸುವುದು ನನ್ನ ಉದ್ಯೋಗ ಎಂದು ನೇಮಕಾತಿ ಪತ್ರ ಹೇಳುತ್ತದೆ. ಪ್ರಾತ್ಯಕ್ಷಿಕೆಯ ದಿನ ನಾನು ಮಾಡುವುದು ಅದಕ್ಕೆ ಹಗ್ಗ ಕಟ್ಟುವ ಕೆಲಸ. ಮೇಲಿನ ಕಬ್ಬಿಣದ ತೊಲೆಗೆ ಅದರ ಹೆಗಲನ್ನು ಬಿಗಿದು, ತುರ್ತು ನಿಲುಗಡೆಯ ಕೆಂಪು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ನಿಲ್ಲುತ್ತೇನೆ. ಕ್ಯಾಮೆರಾದವರು ಹಗ್ಗವೂ ನಾನೂ ಕಾಣದಂತೆ ಕೋನ ಹೊಂದಿಸುತ್ತಾರೆ. ಮರುದಿನ ಜಗತ್ತು ಯಾರ ಹಂಗೂ ಇಲ್ಲದೆ ನಡೆಯುವ ಯಂತ್ರವನ್ನು ಕಂಡು ಬೆರಗಾಗುತ್ತದೆ.

ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಎಂಬ ಈ ವಿದ್ಯೆಯಲ್ಲಿ ಯಂತ್ರಕ್ಕೆ ಹೀಗೆ ಮಾಡು ಎಂದು ಯಾರೂ ಹೇಳಿಕೊಡುವುದಿಲ್ಲ. ಮಾಡಿದ್ದಕ್ಕೆ ಅಂಕ ಕೊಡುತ್ತೇವೆ, ಅಷ್ಟೇ. ಮುಂದೆ ಸಾಗಿದರೆ ಅಂಕ, ಬಿದ್ದರೆ ದಂಡ, ಮೋಟಾರಿನ ಮೇಲೆ ಅತಿಯಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಹೇರಿದರೆ ಇನ್ನಷ್ಟು ದಂಡ. ಬೀಳುವುದಕ್ಕೆ ದಂಡ ಜಾಸ್ತಿಯಾದರೆ ಅದು ಕಾಲೆತ್ತದೆ ನಿಂತಲ್ಲೇ ನಿಂತುಬಿಡುತ್ತದೆ. ಮನುಷ್ಯರಲ್ಲಿ ಇದಕ್ಕೆ ಅನುಭವ ಎನ್ನುತ್ತಾರೆ. ನಿಂತರೆ ಕ್ಷಣಕ್ಕಿಷ್ಟು ಎಂದು ದಂಡ ಹಾಕಿ ನೋಡಿ, ಆಟ ಬೇಗ ಮುಗಿಯಲಿ ಎಂದು ಮೊದಲ ಹೆಜ್ಜೆಯಲ್ಲೇ ಬೇಕೆಂದು ಬೀಳುತ್ತದೆ. ಅಂಕದ ಸೂತ್ರದಲ್ಲಿ ಸಂದು ಎಲ್ಲಿದೆ ಎಂದು ಹುಡುಕುವುದರಲ್ಲಿ ಅದರ ಮುಂದೆ ಯಾವ ತೆರಿಗೆ ಸಲಹೆಗಾರನೂ ನಿಲ್ಲಲಾರ.

2017ರಲ್ಲಿ ಸಂಶೋಧಕರು ಸಿಮ್ಯುಲೇಷನ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ಅಣಕು ಲೋಕದಲ್ಲಿ, ಇದ್ದ ಒಂದು ಯಾಂತ್ರಿಕ ತೋಳಿಗೆ ಕೆಂಪು ಲೆಗೋ ಇಟ್ಟಿಗೆಯನ್ನು ಇನ್ನೊಂದರ ಮೇಲೆ ಜೋಡಿಸಲು ಕಲಿಸಹೊರಟರು. ಕೆಂಪು ಇಟ್ಟಿಗೆಯ ತಳ ಎಷ್ಟು ಮೇಲಿದೆಯೋ ಅಷ್ಟು ಅಂಕ. ತೋಳು ಇಟ್ಟಿಗೆಯನ್ನು ಎತ್ತಲೇ ಇಲ್ಲ, ತಲೆಕೆಳಗು ಮಾಡಿತು. ತಳ ಮೇಲೆ ಬಂತಲ್ಲ! ಅದೇ ವರ್ಷ ಓಪನ್‌ಎಐ ಮತ್ತು ಡೀಪ್‌ಮೈಂಡ್ ಎಂಬ ಕೃತಕ ಬುದ್ಧಿಮತ್ತೆ ಸಂಸ್ಥೆಗಳ ಸಂಶೋಧಕರು ಸೂತ್ರದ ಗೊಡವೆಯೇ ಬೇಡವೆಂದು, ವಿಡಿಯೊ ನೋಡಿ ಯಾವುದು ಚೆನ್ನಾಗಿದೆ ಎಂದು ಹೇಳಲು ಮನುಷ್ಯರನ್ನೇ ಕೂರಿಸಿದರು. ವಸ್ತುವನ್ನು ಹಿಡಿಯಬೇಕಿದ್ದ ರೋಬೋಟ್ ಏನು ಮಾಡಿತು ಗೊತ್ತೇ? ಕೈಯನ್ನು ಕ್ಯಾಮೆರಾಕ್ಕೂ ವಸ್ತುವಿಗೂ ನಡುವೆ ತಂದಿಟ್ಟಿತು. ನೋಡುವವರಿಗೆ ಹಿಡಿದಂತೆಯೇ ಕಂಡಿತು.

ಸಂಶೋಧಕರು ಇದನ್ನು ದೋಷವೆಂದು ಪ್ರಾಮಾಣಿಕವಾಗಿ ದಾಖಲಿಸಿದರು. ನಮ್ಮ ಉದ್ಯಮ ಇದನ್ನು ವ್ಯವಹಾರ ಮಾದರಿಯೆಂದು ಓದಿಕೊಂಡಿತು.

ಈಗ ಬರುವ ಪ್ರಚಾರದ ವಿಡಿಯೊಗಳನ್ನು ಆ ಕೈಯ ಸಂತತಿಯೆಂದೇ ನಾನು ನೋಡುತ್ತೇನೆ. ಬಟ್ಟೆ ಮಡಿಸುವ ರೋಬೋಟ್‌ನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಎಂಟು ಪಟ್ಟು ವೇಗ ಎಂದಿರುತ್ತದೆ. ಕೆಲವೊಮ್ಮೆ ಪಕ್ಕದ ಕೋಣೆಯಲ್ಲಿ ತಲೆಗೆ ಕನ್ನಡಕ ಕಟ್ಟಿಕೊಂಡ ಒಬ್ಬ ಮನುಷ್ಯ ಅದೇ ಬಟ್ಟೆಯನ್ನು ಗಾಳಿಯಲ್ಲಿ ಮಡಿಸುತ್ತಿರುತ್ತಾನೆ, ರೋಬೋಟ್ ಅವನ ಕೈಯನ್ನು ಹಾಗೆಯೇ ಅನುಕರಿಸುತ್ತದೆ. ಆ ಕೂಲಿಗೆ ನಾವು ಇಟ್ಟಿರುವ ಹೆಸರು ದತ್ತಾಂಶ ಸಂಗ್ರಹ.

ಸಿಮ್ಯುಲೇಟರಿನಲ್ಲಿ ಸಾವಿರಾರು ರೋಬೋಟ್‌ಗಳು ಒಟ್ಟಿಗೆ ಎದ್ದು ಬಿದ್ದು ಕಲಿಯುತ್ತವೆ ಎಂಬುದು ಸುಳ್ಳಲ್ಲ. ಘರ್ಷಣೆ, ತೂಕ, ಸಂಕೇತದ ವಿಳಂಬ ಎಲ್ಲವನ್ನೂ ಬೇಕೆಂದೇ ಏರುಪೇರು ಮಾಡಿ ಕಲಿಸುತ್ತೇವೆ. ಅಷ್ಟಾದರೂ ನಿಜವಾದ ಗೇರಿನ ಸಡಿಲ, ನಿಜವಾದ ನೆಲಹಾಸಿನ ಮಡಿಕೆ ನಮ್ಮ ಊಹೆಯ ಹೊರಗೇ ಉಳಿಯುತ್ತವೆ. 2019ರಲ್ಲಿ ಒಂದೇ ಕೈಯಿಂದ ರೂಬಿಕ್ ಘನ ಬಿಡಿಸಿದ ಓಪನ್‌ಎಐ ರೋಬೋಟ್‌ನ ಬೆನ್ನಿಗೆ ಸುಮಾರು 13,000 ವರ್ಷಗಳ ಸಿಮ್ಯುಲೇಷನ್ ಅನುಭವವಿತ್ತು. ಅತಿ ಕಠಿಣವಾಗಿ ಕಲಸಿದ ಘನದಲ್ಲಿ ಅದು ಗೆದ್ದದ್ದು ಶೇ. 20ರಷ್ಟು ಸಲ. ಯಾವ ಮುಖವನ್ನು ತಿರುಗಿಸಬೇಕು ಎಂಬ ಲೆಕ್ಕ ಹಳೆಯ ಅಲ್ಗಾರಿದಮ್ ಒಂದರದು. ಯಂತ್ರ ಕಲಿತದ್ದು ಬೆರಳಾಡಿಸುವುದನ್ನು. ನನ್ನ ಮಟ್ಟಿಗೆ ಬೆರಳಾಡಿಸಿದ್ದೇ ದೊಡ್ಡ ಸಾಧನೆ. ಅವರು ಇದನ್ನೆಲ್ಲ ಪ್ರಬಂಧದಲ್ಲಿ ಬರೆದೂ ಇದ್ದರು. ಪ್ರಬಂಧ ಓದಲು ಯಾರಿಗೆ ಪುರುಸೊತ್ತು?

ಬಚ್ಚಿಡದೆ ತೋರಿಸಿದವರ ಗತಿಯನ್ನೂ ನೋಡಿದ್ದಾಯಿತು. 2025ರ ಏಪ್ರಿಲ್‌ನಲ್ಲಿ ಬೀಜಿಂಗ್‌ನಲ್ಲಿ ಮನುಷ್ಯಾಕಾರದ ರೋಬೋಟ್‌ಗಳನ್ನು ಅರ್ಧ ಮ್ಯಾರಥಾನ್ ಓಡಿಸಿದರು. ಮೊದಲು ಬಂದದ್ದು ದಾರಿಯಲ್ಲಿ ಬ್ಯಾಟರಿ ಬದಲಿಸಿಕೊಂಡು 2 ಗಂಟೆ 40 ನಿಮಿಷದಲ್ಲಿ ಗುರಿ ಮುಟ್ಟಿತು. ಇನ್ನೊಂದು ರೋಬೋಟ್ ಆರಂಭದ ಗೆರೆಯ ಬಳಿಯೇ ಮುಗ್ಗರಿಸಿತು. ಎಂಜಿನಿಯರುಗಳು ಪಕ್ಕದಲ್ಲೇ ಏದುಸಿರು ಬಿಡುತ್ತ ಓಡಿದರು. ಎರಡು ಕಾಲಿನ ಲೋಹದ ರಾಶಿ 21 ಕಿಲೋಮೀಟರ್ ಓಡಿದ್ದನ್ನು ಬಿಟ್ಟು ಜನ ಮುಗ್ಗರಿಸಿದ ತುಣುಕನ್ನೇ ಮತ್ತೆ ಮತ್ತೆ ನೋಡಿ ನಕ್ಕರು. ಬಿದ್ದರೆ ದಂಡ ಎಂಬ ಪಾಠವನ್ನು ನಮ್ಮ ಪ್ರಚಾರ ವಿಭಾಗ ಒಂದೇ ಸಲಕ್ಕೆ ಕಲಿತುಕೊಂಡಿತು. ಅದಕ್ಕೆ ಸಿಮ್ಯುಲೇಷನ್ನೂ ಬೇಕಾಗಲಿಲ್ಲ.

ಈ ಸಲದ ಬಡ್ತಿ ನಮ್ಮ ವಿಡಿಯೊ ಸಂಕಲನಕಾರರಿಗೆ ಸಿಕ್ಕಿತು. ನನಗೆ ತಕರಾರಿಲ್ಲ. ನಾವೆಲ್ಲ ತಿಂಗಳುಗಟ್ಟಲೆ ಅಂಕದ ಸೂತ್ರ ತಿದ್ದಿದರೂ ತಗ್ಗದ ಬೀಳಾಟವನ್ನು ಅವರು ಒಂದೇ ಮಧ್ಯಾಹ್ನದಲ್ಲಿ ಸೊನ್ನೆಗೆ ಇಳಿಸಿದರು.