ಸ್ಕ್ರಾಲ್ ಮಾಡಿದರೆ ಟೊಮೆಟೊ ದರ ಯಾಕೆ ಇಳಿಯಬೇಕು?

ಮೂರು ದಿನದಿಂದ ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೋಲಾರ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿ. ಅಲ್ಲಿನ ಬಿಲ್ಲಿಂಗ್ ಸಾಫ್ಟ್‌ವೇರ್ ಬೇರೆ ಯಾರೋ ಮಾಡಿ ಮಾರಿದ್ದು. ಸೋರ್ಸ್ ಕೋಡ್ ಮಂಡಿಯವರ ಹತ್ತಿರವೇ ಇದೆ, ರಿಪೇರಿ ಬಂದರೆ ನನ್ನನ್ನು ಕರೆಯುತ್ತಾರೆ. ಮೊನ್ನೆ ಮುಳಬಾಗಿಲು ಕಡೆಯ ರೈತರೊಬ್ಬರು ಬಿಲ್ ಹಿಡಿದುಕೊಂಡು ವಾಪಸ್ ಬಂದರು. 60 ಬಾಕ್ಸ್ ಹಾಕಿದ್ದರು. 15 ಕೆಜಿ ಬಾಕ್ಸ್ 420 ರೂಪಾಯಿಗೆ ಹರಾಜಾಗಿದೆ. ಬಿಲ್ಲಿನಲ್ಲಿ 411 ಇದೆ. 540 ರೂಪಾಯಿ ಕಮ್ಮಿ.

ಯಜಮಾನರು ಬಿಲ್ ಹಾಕೋ ಹುಡುಗಿಗೆ ಎಲ್ಲರ ಮುಂದೆ ಬೈದರು. 540 ಅವಳ ಸಂಬಳದಲ್ಲಿ ಹಿಡಿಯುತ್ತೇನೆ ಅಂದರು. ಅವಳು ಅಳುತ್ತಾ ಹೇಳಿದ್ದು ಒಂದೇ ಮಾತು, 'ಅಣ್ಣಾ, ನಾನು 420 ಅಂತಾನೇ ಹೊಡೆದಿದ್ದೆ.' ಸಾಫ್ಟ್‌ವೇರ್ ಮಾರಿದವರಿಗೆ ಫೋನ್ ಮಾಡಿದರೆ, 'ಯೂಸರ್ ಮಿಸ್ಟೇಕ್ ಸಾರ್, ನೋಡಿಕೊಂಡು ಎಂಟ್ರಿ ಮಾಡಲಿ' ಅಂದು ಇಟ್ಟುಬಿಟ್ಟರು.

ಅವಳ ಪಕ್ಕ ಕೂತು ನೋಡಿದೆ. 420 ಹೊಡೆದಳು. ಕೆಳಗಿನ ಸಾಲು ನೋಡೋದಕ್ಕೆ ಮೌಸ್ ವೀಲ್ ಉರುಳಿಸಿದಳು. ಟಕ್, 417. ಟಕ್, 414. ಟಕ್, 411. ಪರದೆ ಒಂದಿಂಚೂ ಅಲ್ಲಾಡಲಿಲ್ಲ, ದರ ಮಾತ್ರ ಇಳೀತು. ಅವಳ ಕಣ್ಣು ಕೆಳಗಿನ ಸಾಲಿನ ಮೇಲಿತ್ತು. ಇನ್ನೆಲ್ಲಿರಬೇಕು?

ಕಾರಣ ತುಂಬಾ ಹಳೆಯದು. ಆ ಕಂಪ್ಯೂಟರ್ ವಿಂಡೋಸ್ 7. ಅದರಲ್ಲಿ ವೀಲ್ ಉರುಳಿಸಿದರೆ ಸುದ್ದಿ ಹೋಗೋದು ಮೌಸ್ ಬಾಣದ ಕೆಳಗಿರೋ ಕಿಟಕಿಗಲ್ಲ, ಫೋಕಸ್ ಇರೋ ಕಿಟಕಿಗೆ, ಅಂದರೆ ಈಗ ಟೈಪ್ ಮಾಡಿದರೆ ಅಕ್ಷರ ಎಲ್ಲಿ ಬೀಳುತ್ತದೋ ಅಲ್ಲಿಗೆ. ವಿಂಡೋಸ್ ಲೆಕ್ಕದಲ್ಲಿ ಇಂಥ ಒಂದೊಂದು ಪೆಟ್ಟಿಗೆಯೂ ಒಂದು ಕಿಟಕಿಯೇ. ಫೋಕಸ್ ದರದ ಪೆಟ್ಟಿಗೆಯಲ್ಲೇ ಕೂತಿದೆ. ಆ ಪೆಟ್ಟಿಗೆ ವಿನ್‌ಫಾರ್ಮ್ಸ್‌ನ (ವಿಂಡೋಸ್ ಪ್ರೋಗ್ರಾಂ ಕಟ್ಟೋಕೆ ಮೈಕ್ರೋಸಾಫ್ಟ್ ಕೊಟ್ಟಿರೋ ಸಾಮಾನು) ನ್ಯೂಮರಿಕ್ ಅಪ್‌ಡೌನ್, ಅಂದರೆ ಸಂಖ್ಯೆ ಏರಿಸಿ ಇಳಿಸೋ ಪೆಟ್ಟಿಗೆ. ಒಂದು ಟಕ್‌ಗೆ ಎಷ್ಟು ಸಾಲು ಸ್ಕ್ರಾಲ್ ಆಗಬೇಕು ಅಂತ ವಿಂಡೋಸ್‌ನಲ್ಲಿ ಸೆಟ್ಟಿಂಗ್ ಇದೆಯಲ್ಲ, ಮಾಮೂಲಿಯಾಗಿ 3, ಈ ಪೆಟ್ಟಿಗೆ ಅದೇ 3ನ್ನು ತೆಗೆದುಕೊಂಡು ಸಂಖ್ಯೆಯನ್ನು ಮೂರು ಸಲ ಇಳಿಸುತ್ತದೆ. ಸಾಲಿನ ಲೆಕ್ಕ ರೂಪಾಯಿ ಲೆಕ್ಕವಾಯಿತು! ವಿಂಡೋಸ್ 10ರಲ್ಲಿ ಬಾಣದ ಕೆಳಗಿನ ಕಿಟಕಿಗೆ ಕಳಿಸೋ ಸೆಟ್ಟಿಂಗ್ ಬಂತು. ಆದರೆ ಬಾಣವೇ ದರದ ಪೆಟ್ಟಿಗೆ ಮೇಲೆ ನಿಂತಿದ್ದರೆ? ಮತ್ತೆ ಅದೇ ಪಾಡು.

ವೀಲ್ ಉರುಳಿಸೋದು ನೋಡೋದಕ್ಕೆ. ಬರೆಯೋದಕ್ಕೆ ಕೀಬೋರ್ಡ್ ಇದೆ. ದುಡ್ಡಿನ ಪೆಟ್ಟಿಗೆಗೆ ವೀಲ್ ಯಾಕೆ ಬೇಕು ಅಂತ ಆ ಪ್ರೋಗ್ರಾಂ ಬರೆದವರು ಒಂದು ನಿಮಿಷ ಯೋಚನೆ ಮಾಡಬಾರದಿತ್ತಾ?

ಸರಿ ಮಾಡೋದು ಏನು ದೊಡ್ಡ ಕೆಲಸವಲ್ಲ. ವೀಲ್ ಉರುಳಿದಾಗ ಪ್ರೋಗ್ರಾಂಗೆ ಬರೋ ಸುದ್ದಿಯನ್ನು, ಅಂದರೆ ಮೌಸ್‌ವೀಲ್ ಇವೆಂಟನ್ನು ಹಿಡಿದು, ಹ್ಯಾಂಡಲ್ಡ್ (ಕೆಲಸ ಆಗಿದೆ) ಅನ್ನೋದನ್ನು ಟ್ರೂ ಮಾಡಿದರೆ ಸಂಖ್ಯೆ ಅಲ್ಲಾಡಲ್ಲ. ಆದರೆ ಪರದೆಯನ್ನು ಜೋಡಿಸೋ ಡಿಸೈನರ್‌ನ ಇವೆಂಟ್ ಪಟ್ಟಿಯಲ್ಲಿ ಮೌಸ್‌ವೀಲ್ ಕಾಣೋದೇ ಇಲ್ಲ, ಕೋಡ್‌ನಲ್ಲಿ ಕೈಯಾರೆ ಸೇರಿಸಬೇಕು. ಕಣ್ಣಿಗೆ ಬೀಳದ್ದನ್ನು ಎಷ್ಟು ಜನ ಹುಡುಕುತ್ತಾರೆ? ಅಲ್ಲಿಗೂ ಮುಗಿಯಲಿಲ್ಲ. ಪೆಟ್ಟಿಗೆ ಆ ವೀಲ್ ಸುದ್ದಿಯನ್ನು ನುಂಗಿಬಿಡುತ್ತದೆ, ಪುಟ ಹಾಗೇ ನಿಲ್ಲುತ್ತದೆ. ಪೆಟ್ಟಿಗೆ ಕೂತಿರೋ ಹೊರಗಿನ ಪ್ಯಾನಲನ್ನು ನಾವೇ ಸರಿಸಬೇಕು.

ಅದನ್ನು ಸರಿ ಮಾಡುವಾಗ ಇನ್ನೊಂದು ಸಿಕ್ಕಿತು. ರೈತರ ಪಟ್ಟಿ ಸ್ಕ್ರಾಲ್ ಆಗೋದಕ್ಕೆ ಪ್ರೋಗ್ರಾಂ ಬರೆದವರು ತಾವೇ ಕೋಡ್ ಬರೆದಿದ್ದಾರೆ. ವೀಲ್ ಎಷ್ಟು ಉರುಳಿತು ಅಂತ ಹೇಳೋ ಸಂಖ್ಯೆಯನ್ನು, ಅಂದರೆ ಡೆಲ್ಟಾವನ್ನು, 120ರಿಂದ ಭಾಗಿಸಿ ಪೂರ್ಣಾಂಕ ಇಟ್ಟುಕೊಂಡಿದ್ದಾರೆ. ಸಾದಾ ಮೌಸ್ ಒಂದು ಟಕ್‌ಗೆ 120 ಕಳಿಸುತ್ತದೆ, ಸರಿ. ಯಜಮಾನರ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ 8, 15, 20 ಅಂತ ಚೂರು ಚೂರಾಗಿ ಕಳಿಸುತ್ತದೆ. 20 ಭಾಗಿಸು 120, ಉತ್ತರ ಸೊನ್ನೆ. ಬೆರಳು ಸವೆದರೂ ಪಟ್ಟಿ ಸರಿಯಲ್ಲ. ಚೂರುಗಳನ್ನು ಕೂಡಿಡುತ್ತಾ ಹೋಗಿ, 120 ತುಂಬಿದಾಗ ಸರಿಸಿ, ಉಳಿದದ್ದನ್ನು ಮುಂದಕ್ಕೆ ಇಟ್ಟುಕೊಂಡರೆ ಆಯ್ತು. ಸಣ್ಣ ಚೂರು ಕಳಿಸೋ ಸಾಧನಗಳೂ ಬರಲಿ ಅಂತಲೇ ತಾನೇ 120 ಇಟ್ಟಿರೋದು!

ಇದನ್ನೆಲ್ಲ ಸರಿ ಮಾಡೋ ಮೊದಲೇ ಯಜಮಾನರನ್ನು ಕೂರಿಸಿ, ಅವರ ಕೈಯಲ್ಲೇ ವೀಲ್ ಉರುಳಿಸಿದ್ದೆ. 420 ಅವರ ಕಣ್ಣೆದುರೇ 411 ಆಯ್ತು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗಿಯನ್ನು ಕರೆದು, 'ಸಂಬಳದಲ್ಲಿ ಏನೂ ಹಿಡಿಯಲ್ಲಮ್ಮ' ಅಂದರು. ರೈತರಿಗೆ 540 ಆ ದಿನವೇ ಕೊಟ್ಟಿದ್ದರು.

ಆದರೆ ಈ ಸಾಫ್ಟ್‌ವೇರ್ ಓಡುತ್ತಿರೋದು ಎರಡು ವರ್ಷದಿಂದ. ಬಿಲ್ ತಿರುಗಿಸಿ ನೋಡದೆ ದುಡ್ಡು ತೆಗೆದುಕೊಂಡು ಬಸ್ಸು ಹತ್ತಿದವರು ಎಷ್ಟು ಜನವೋ. ನಿನ್ನೆಯಿಂದ ನಾನು, ಆ ಹುಡುಗಿ ಹರಾಜಿನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ದರ 3, 6, 9 ಹೀಗೆ ವ್ಯತ್ಯಾಸ ಇರೋ ಬಿಲ್‌ಗಳನ್ನು ಹುಡುಕುತ್ತಿದ್ದೇವೆ. ಈ ತಿಂಗಳ ಬಿಲ್‌ಗಳಲ್ಲೇ ಏಳು ಸಿಕ್ಕಿವೆ.